ಇಲಿಬೋನು: ಒಂದು ಪದದ ವಿಚಾರ

ನಿಘಂಟಿನಲ್ಲಿ ದೊಡ್ಡ ದೊಡ್ಡ ಪದಗಳಿಗೆ ನಾವು ಕೊಡುವ ಗೌರವವನ್ನು ಮನೆಯ ಮೂಲೆಯಲ್ಲಿ ಬಿದ್ದಿರುವ ಸಣ್ಣ ಪದಗಳಿಗೆ ಕೊಡುವುದಿಲ್ಲ. 'ಸಂಸ್ಕೃತಿ', 'ಸ್ವಾತಂತ್ರ್ಯ' ಮೊದಲಾದ ಪದಗಳ ಅರ್ಥವನ್ನು ಪರೀಕ್ಷೆಗಾಗಿ ಬಾಯಿಪಾಠ ಮಾಡುತ್ತೇವೆ. ಆದರೆ ಅಡಿಗೆಮನೆಯ ಕಪಾಟಿನ ಕೆಳಗೆ ಇರಿಸುವ ಒಂದು ತಂತಿಯ ಪೆಟ್ಟಿಗೆಗೆ ಕನ್ನಡದಲ್ಲಿ ಏನೆನ್ನಬೇಕೆಂದು ಕೇಳಿದರೆ, ಮುಂಬಯಿಯಂತಹ ನಗರದಲ್ಲಿ ಬೆಳೆಯುವ ನಮ್ಮ ಮಕ್ಕಳಲ್ಲಿ ಅನೇಕರು ತಡವರಿಸುತ್ತಾರೆ. ಒಬ್ಬರು 'ಪಿಂಜರಾ' ಎನ್ನುತ್ತಾರೆ, ಇನ್ನೊಬ್ಬರು 'ಚೂಹೇದಾನಿ' ಎನ್ನುತ್ತಾರೆ, ಮತ್ತೊಬ್ಬರು 'ರ್‍ಯಾಟ್ ಟ್ರ್ಯಾಪ್' ಎನ್ನುತ್ತಾರೆ. ಮೂರೂ ತಪ್ಪಲ್ಲ, ಆದರೆ ಮೂರೂ ಕನ್ನಡವಲ್ಲ. ಕನ್ನಡದ ಪದ 'ಇಲಿಬೋನು'. ಈ ಪಾಠದಲ್ಲಿ ಆ ಒಂದು ಪದವನ್ನು ಎತ್ತಿಕೊಂಡು, ಅದರ ರಚನೆ, ಅದರ ನಂಟರು, ಅದು ಸೂಚಿಸುವ ವಸ್ತು ಮತ್ತು ಅದರ ಬಳಕೆ, ಇವುಗಳನ್ನು ಕ್ರಮವಾಗಿ ವಿಚಾರಮಾಡೋಣ.

ಪದದ ರಚನೆ

'ಇಲಿಬೋನು' ಎಂಬುದು ಎರಡು ಪದಗಳು ಕೂಡಿ ಆದ ಸಮಾಸ. 'ಇಲಿಗೆ ಬೋನು' ಅಥವಾ 'ಇಲಿಯನ್ನು ಹಿಡಿಯುವ ಬೋನು' ಎಂದು ಇದನ್ನು ಬಿಡಿಸಬಹುದು. ಇಲ್ಲಿ ಉತ್ತರಪದವಾದ 'ಬೋನು' ಎಂಬುದರ ಅರ್ಥವೇ ಪ್ರಧಾನ. ಎಂತಹ ಬೋನು ಎಂಬುದನ್ನು ಪೂರ್ವಪದವು ತಿಳಿಸುತ್ತದೆ. ಆದುದರಿಂದ ಇದು ತತ್ಪುರುಷಸಮಾಸ. ಎರಡೂ ಅಚ್ಚಗನ್ನಡ ಪದಗಳಾದ ಕಾರಣ ಇಲ್ಲಿ ಅರಿಸಮಾಸದ ದೋಷವೂ ಇಲ್ಲ. ಇದೇ ಮನೆತನದ 'ಇಲಿಪಾಷಾಣ' ಎಂಬ ಪದವನ್ನು ಹೋಲಿಸಿ ನೋಡಿ. ಅದರಲ್ಲಿ ಕನ್ನಡದ 'ಇಲಿ'ಗೆ ಸಂಸ್ಕೃತದ 'ಪಾಷಾಣ' ಸೇರಿದೆ. ವ್ಯಾಕರಣ ಒಪ್ಪದಿದ್ದರೂ ಬಳಕೆ ಒಪ್ಪಿದೆ. ಸಂಸ್ಕೃತದಲ್ಲಿ 'ಪಾಷಾಣ' ಎಂದರೆ ಕಲ್ಲು. ಕಲ್ಲಿನಂತೆ ದೊರೆಯುವ ಖನಿಜವಿಷದ ಮೂಲಕ ಆ ಪದಕ್ಕೆ ಕನ್ನಡದಲ್ಲಿ ವಿಷವೆಂಬ ಅರ್ಥ ಬಂದಿದೆ.

'ಇಲಿ' ಎಂಬುದು ದ್ರಾವಿಡ ಭಾಷೆಗಳಿಗೆ ಸಮಾನವಾದ ಪದ. ತಮಿಳು, ಮಲೆಯಾಳಗಳಲ್ಲಿ 'ಎಲಿ', ತೆಲುಗಿನಲ್ಲಿ 'ಎಲುಕ', ಕನ್ನಡದಲ್ಲಿ 'ಇಲಿ'. ತಮಿಳಿನ ಎಕಾರಕ್ಕೆ ಕನ್ನಡದಲ್ಲಿ ಇಕಾರ ಬಂದಿರುವುದನ್ನು ಗಮನಿಸಿರಿ. ಇದು ಆಕಸ್ಮಿಕವಲ್ಲ. ತಮಿಳಿನ 'ಸೆವಿ' ಕನ್ನಡದಲ್ಲಿ 'ಕಿವಿ' ಆಗಿರುವುದೂ ಹೀಗೆಯೇ. ಮುಂದಿನ ಅಕ್ಷರದಲ್ಲಿರುವ ಇಕಾರವು ಹಿಂದಿನ ಎಕಾರವನ್ನು ತನ್ನ ಕಡೆಗೆ ಎಳೆದುಕೊಂಡಿದೆ.

ಇಲಿಗಳಲ್ಲಿಯೂ ಭೇದಗಳುಂಟು, ಆ ಭೇದಗಳಿಗೆ ಕನ್ನಡದಲ್ಲಿ ಹೆಸರುಗಳೂ ಉಂಟು. ಚಿಕ್ಕದು ಸುಂಡಿಲಿ ಅಥವಾ ಚಿಟ್ಟಿಲಿ. ನೆಲ ತೋಡುವ ದೊಡ್ಡದು ಹೆಗ್ಗಣ. ಉದ್ದ ಮೂತಿಯ ಮೂಗಿಲಿಯು ಹೆಸರಿನಿಂದ ಮಾತ್ರ ಇಲಿ. ಪ್ರಾಣಿಶಾಸ್ತ್ರದ ಪ್ರಕಾರ ಅದು ದಂಶಕಗಳ ಗುಂಪಿಗೆ ಸೇರಿದ್ದೇ ಅಲ್ಲ, ಹುಳುಹುಪ್ಪಟೆಗಳನ್ನು ತಿನ್ನುವ ಬೇರೊಂದು ಜೀವಿ. ಹೆಗ್ಗಣಕ್ಕೆ ಇಂಗ್ಲಿಷಿನವರು 'ಬ್ಯಾಂಡಿಕೂಟ್' ಎನ್ನುತ್ತಾರಷ್ಟೆ. ಆ ಪದ ಅವರಿಗೆ ಹೋದದ್ದು ತೆಲುಗಿನ 'ಪಂದಿಕೊಕ್ಕು' ಎಂಬುದರಿಂದ. 'ಪಂದಿ' ಎಂದರೆ ಹಂದಿ. ಹಂದಿಯಂತಹ ಇಲಿ ಎಂದು ಅದರ ಅರ್ಥ.

ಬೋನು ಬೇರೆ, ಬೋನ ಬೇರೆ

ಇನ್ನು ಉತ್ತರಪದಕ್ಕೆ ಬರೋಣ. 'ಬೋನು' ಎಂದರೆ ಪ್ರಾಣಿಯನ್ನು ಒಳಗೆ ಬರಮಾಡಿಕೊಂಡು, ಹೊರಗೆ ಹೋಗಗೊಡದಂತೆ ಮುಚ್ಚಿಕೊಳ್ಳುವ ಗೂಡು. ಇದಕ್ಕೆ ತೀರ ಹತ್ತಿರದ ಧ್ವನಿಯುಳ್ಳ ಇನ್ನೊಂದು ಪದ 'ಬೋನ'. ಅದು ಸಂಸ್ಕೃತದ 'ಭೋಜನ' ಶಬ್ದದ ತದ್ಭವ. ಅದರ ಅರ್ಥ ಅನ್ನ, ಊಟ, ನೈವೇದ್ಯ. ಹೈದರಾಬಾದಿನಲ್ಲಿರುವ ನಮ್ಮ ಕನ್ನಡ ಬಂಧುಗಳು ಆಷಾಢಮಾಸದಲ್ಲಿ ನೋಡುವ 'ಬೋನಾಲು' ಹಬ್ಬದ ಹೆಸರು ಇದೇ ಮೂಲದ್ದು. ಅಲ್ಲಿ ಹೆಂಗಸರು ತಲೆಯ ಮೇಲೆ ಹೊತ್ತು ಅಮ್ಮನವರಿಗೆ ಒಪ್ಪಿಸುವುದು ಅನ್ನದ ಗಡಿಗೆಯನ್ನು.

ಒಂದು ಸ್ವರದ ವ್ಯತ್ಯಾಸದಿಂದ ಎಷ್ಟು ಅಂತರವಾಯಿತು ನೋಡಿರಿ! ವಿಭಕ್ತಿಪ್ರತ್ಯಯಗಳನ್ನು ಹಚ್ಚಿದಾಗ ಈ ಅಂತರ ಇನ್ನೂ ಸ್ಪಷ್ಟವಾಗುತ್ತದೆ. ಉಕಾರಾಂತವಾದ ಬೋನು: ಬೋನನ್ನು, ಬೋನಿಗೆ, ಬೋನಿನಲ್ಲಿ. ಅಕಾರಾಂತವಾದ ಬೋನ: ಬೋನವನ್ನು, ಬೋನಕ್ಕೆ, ಬೋನದಲ್ಲಿ. 'ಇಲಿ ಬೋನಕ್ಕೆ ಬಂತು' ಎಂದರೆ ಊಟಕ್ಕೆ ಬಂತು ಎಂದರ್ಥ. 'ಇಲಿ ಬೋನಿಗೆ ಬಂತು' ಎಂದರೆ ಸೆರೆಗೆ ಬಂತು ಎಂದರ್ಥ. ಇಲಿಯ ದುರ್ದೈವವೆಂದರೆ ಅದು ಬೋನಕ್ಕೆಂದು ಹೊರಟು ಬೋನಿಗೆ ಬರುವುದು!

ಒಳಗಿರಿಸುವ ಆ ತುತ್ತಿಗೆ ಪುಸ್ತಕದ ಭಾಷೆಯಲ್ಲಿ 'ಆಮಿಷ' ಎಂದು ಹೆಸರು. ಆಮಿಷವೆಂದರೆ ಮೊದಲು ಮಾಂಸವೆಂದೇ ಅರ್ಥ. 'ನಿರಾಮಿಷ' ಆಹಾರವೆಂಬ ಮಾತಿನಲ್ಲಿ ಆ ಹಳೆಯ ಅರ್ಥ ಇಂದಿಗೂ ಉಳಿದಿದೆ. ಮೀನನ್ನೋ ಮೃಗವನ್ನೋ ಹಿಡಿಯುವವರು ಮಾಂಸದ ತುಂಡನ್ನು ಒಡ್ಡುತ್ತಿದ್ದುದರಿಂದ, ಆ ಪದಕ್ಕೆ 'ಆಸೆ ಹುಟ್ಟಿಸಿ ಕೆಡಿಸುವ ವಸ್ತು' ಎಂಬ ಅರ್ಥ ಬಂದಿತು. ಈಗ ವೃತ್ತಪತ್ರಿಕೆಗಳಲ್ಲಿ 'ಹಣದ ಆಮಿಷ', 'ಕೆಲಸ ಕೊಡಿಸುವ ಆಮಿಷ' ಎಂದು ಓದುತ್ತೇವೆ. ಅಲ್ಲಿ ಮಾಂಸವೂ ಇಲ್ಲ, ಇಲಿಯೂ ಇಲ್ಲ. ಆದರೆ ಬೋನು ಮಾತ್ರ ಇದ್ದೇ ಇದೆ.

ನೆರೆಹೊರೆಯ ಭಾಷೆಗಳಲ್ಲಿ

ಅನೇಕ ಭಾಷೆಗಳ ನಡುವೆ ಬಾಳುವ ನಮಗೆ ಒಂದು ಅನುಕೂಲವುಂಟು. ಒಂದೇ ವಸ್ತುವನ್ನು ಬೇರೆ ಬೇರೆ ಜನ ಬೇರೆ ಬೇರೆ ಕಣ್ಣಿನಿಂದ ಹೇಗೆ ನೋಡಿದ್ದಾರೆಂಬುದನ್ನು ನಾವು ನೆರೆಮನೆಯಲ್ಲಿಯೇ ಕೇಳಿ ತಿಳಿಯಬಹುದು.

ಹಿಂದಿಯವರು 'ಚೂಹೇದಾನಿ' ಎನ್ನುತ್ತಾರೆ. 'ದಾನ್', 'ದಾನಿ' ಎಂಬುದು ಪಾರಸಿಯಿಂದ ಬಂದ ಪ್ರತ್ಯಯ. ಇರಿಸುವ ಪಾತ್ರೆ ಎಂದು ಅದರ ಅರ್ಥ. ಕನ್ನಡದ 'ಹೂದಾನಿ', 'ಪೀಕದಾನಿ'ಗಳಲ್ಲಿಯೂ ಅದೇ ಪ್ರತ್ಯಯವಿದೆ. ಹೂದಾನಿ ಹೂವನ್ನಿರಿಸುವುದು, ಚೂಹೇದಾನಿ ಇಲಿಯನ್ನಿರಿಸುವುದು. ಆದರೆ 'ಮಚ್ಛರದಾನಿ' ಎಂಬ ಸೊಳ್ಳೆಪರದೆಯು ಸೊಳ್ಳೆಯನ್ನು ಒಳಗಿರಿಸುವುದಿಲ್ಲ, ಹೊರಗಿರಿಸುತ್ತದೆ! ಭಾಷೆಯು ಎಲ್ಲೆಡೆಯೂ ತರ್ಕವನ್ನೇ ಅನುಸರಿಸುವುದಿಲ್ಲವೆಂಬುದಕ್ಕೆ ಇದೊಂದು ನಿದರ್ಶನ.

ಮರಾಠಿಯವರು 'ಪಿಂಜರಾ' ಎನ್ನುತ್ತಾರೆ, 'ಸಾಪಳಾ' ಎಂದೂ ಎನ್ನುತ್ತಾರೆ. 'ಪಿಂಜರಾ' ನಮ್ಮ 'ಪಂಜರ'ದ ನಂಟ. 'ಸಾಪಳಾ' ಎಂಬುದಕ್ಕೆ ಮರಾಠಿಯಲ್ಲಿ ಎಲುಬಿನ ಗೂಡು ಎಂಬ ಅರ್ಥವೂ ಇದೆ. ಕನ್ನಡದಲ್ಲಿ ನಾವು 'ಅಸ್ಥಿಪಂಜರ' ಎನ್ನುವುದಿಲ್ಲವೇ? ಎರಡು ಭಾಷೆಗಳೂ ಎಲುಬಿನ ಚೌಕಟ್ಟಿನಲ್ಲಿ ಕಂಬಿಯ ಗೂಡನ್ನೇ ಕಂಡಿವೆ.

ತಮಿಳಿನವರ ಪದ 'ಎಲಿಪ್ಪೊರಿ'. 'ಪೊರಿ' ಎಂದರೆ ಯಂತ್ರ. ಚೆನ್ನೈಯಲ್ಲಿ ಇಂಜಿನಿಯರಿಂಗ್ ಶಾಸ್ತ್ರಕ್ಕೆ 'ಪೊರಿಯಿಯಲ್' ಎಂದು ಹೆಸರು. ಮಹಾಸೇತುವೆಗಳನ್ನು ಕಟ್ಟುವ ಶಾಸ್ತ್ರವೂ ಇಲಿಯನ್ನು ಹಿಡಿಯುವ ಪೆಟ್ಟಿಗೆಯೂ ಒಂದೇ ಪದದ ಕೆಳಗೆ ಕುಳಿತಿವೆ. ಮಲೆಯಾಳದಲ್ಲಿ 'ಎಲಿಪ್ಪತ್ತಾಯಂ' ಎಂಬ ಹೆಸರುಂಟು. 1981ರಲ್ಲಿ ಅಡೂರು ಗೋಪಾಲಕೃಷ್ಣನ್ ಅವರು ಇದೇ ಹೆಸರಿನ ಚಲನಚಿತ್ರವನ್ನು ನಿರ್ದೇಶಿಸಿದರು. ಹಳೆಯ ದೊಡ್ಡಮನೆಯಿಂದ ಹೊರಬರಲಾರದೆ, ಕಾಲದೊಂದಿಗೆ ಹೆಜ್ಜೆ ಹಾಕಲಾರದೆ ಉಳಿದ ಯಜಮಾನನೇ ಅಲ್ಲಿ ಬೋನಿನೊಳಗಿನ ಇಲಿ. ತೆಲುಗಿನಲ್ಲಿ ಬೋನಿಗೆ ಬೋನೇ ಹೆಸರು. ಆದರೆ ಅಲ್ಲಿ ನ್ಯಾಯಾಲಯದ ಕಟಕಟೆಗೂ 'ಬೋನು' ಎನ್ನುತ್ತಾರೆ. ಕನ್ನಡದಲ್ಲಿ ಸಾಕ್ಷಿಯನ್ನು ಬೋನಿನಲ್ಲಿ ನಿಲ್ಲಿಸಿದರೆ ಅವನಿಗೆ ಅವಮಾನವಾದೀತು!

ಇಂಗ್ಲಿಷಿನ 'ಮೌಸ್‌ಟ್ರ್ಯಾಪ್' ಎಂಬುದು ರಂಗಭೂಮಿಯಲ್ಲಿ ಪ್ರಸಿದ್ಧವಾದ ಹೆಸರು. ಶೇಕ್ಸ್‌ಪಿಯರನ ಹ್ಯಾಮ್ಲೆಟ್ ತನ್ನ ಚಿಕ್ಕಪ್ಪನ ಪಾಪವನ್ನು ಹೊರಗೆಡಹಲು ಆಡಿಸುವ ನಾಟಕದೊಳಗಿನ ನಾಟಕಕ್ಕೆ ಈ ಹೆಸರನ್ನು ಕೊಡುತ್ತಾನೆ. ಅಗಾಥಾ ಕ್ರಿಸ್ಟಿಯವರ ಇದೇ ಹೆಸರಿನ ಪತ್ತೇದಾರಿ ನಾಟಕವು ಲಂಡನ್ನಿನಲ್ಲಿ 1952ರ ನವೆಂಬರ್ 25ರಂದು ಆರಂಭವಾಗಿ, 2020ರ ಸಾಂಕ್ರಾಮಿಕದಿಂದಾಗಿ ಒಂದು ವರ್ಷಕ್ಕೂ ಹೆಚ್ಚು ಕಾಲ ನಿಂತುಹೋದದ್ದನ್ನು ಬಿಟ್ಟರೆ, ದಶಕಗಳ ಕಾಲ ಎಡೆಬಿಡದೆ ನಡೆದುಬಂದಿದೆ.

ವಸ್ತುವಿನ ಸ್ವರೂಪ

ಪದವನ್ನು ಅರಿಯಬೇಕಾದರೆ ವಸ್ತುವನ್ನೂ ಅರಿಯಬೇಕು. ನಮ್ಮ ಮನೆಗಳಲ್ಲಿ ಕಾಣುವ ತಂತಿಯ ಬೋನನ್ನು ಒಮ್ಮೆ ಮುಂದಿರಿಸಿಕೊಂಡು ನೋಡಿರಿ. ಒಂದು ತುದಿಯಲ್ಲಿ ಬಾಗಿಲು. ಅದನ್ನು ಸದಾ ಮುಚ್ಚಲು ಎಳೆಯುವ ಒಂದು ಸ್ಪ್ರಿಂಗು. ಬಾಗಿಲನ್ನು ಬಲವಂತವಾಗಿ ತೆರೆದು, ಅದಕ್ಕೆ ಸೇರಿದ ಉದ್ದನೆಯ ಕಂಬಿಯ ತುದಿಯನ್ನು ಹಿಂಬದಿಯಲ್ಲಿರುವ ಕೊಕ್ಕೆಯ ಮೇಲ್ತುದಿಗೆ ಸಿಕ್ಕಿಸುತ್ತೇವೆ. ಕೊಕ್ಕೆಯ ಕೆಳತುದಿಯು ಬೋನಿನ ಒಳಗಿರುತ್ತದೆ. ಅಲ್ಲಿ ಕೊಬ್ಬರಿಯ ಚೂರನ್ನೋ ಬೋಂಡದ ತುಂಡನ್ನೋ ಚುಚ್ಚುತ್ತೇವೆ. ಇಲಿ ಬಂದು ತುತ್ತನ್ನು ಎಳೆಯುತ್ತದೆ, ಕೊಕ್ಕೆಯ ಕೆಳತುದಿ ಒಂದು ಕಡೆಗೆ ಸರಿದರೆ ಮೇಲ್ತುದಿ ಇನ್ನೊಂದು ಕಡೆಗೆ ಸರಿಯುತ್ತದೆ, ಕಂಬಿ ಬಿಡುಗಡೆಯಾಗುತ್ತದೆ, ಬಾಗಿಲು ಪಟ್ಟೆಂದು ಮುಚ್ಚುತ್ತದೆ.

ವಿಜ್ಞಾನದ ತರಗತಿಯಲ್ಲಿ ಕಲಿತ ಎರಡು ಪಾಠಗಳು ಇಲ್ಲಿವೆ. ಕೊಕ್ಕೆಯು ಒಂದು ಸನ್ನೆಗೋಲು. ಹಿಗ್ಗಿಸಿಟ್ಟ ಸ್ಪ್ರಿಂಗಿನಲ್ಲಿ ಅಡಗಿರುವುದು ಸ್ಥಿತಿಶಕ್ತಿ. ಬಾಗಿಲು ಹೊಡೆದುಕೊಂಡಾಗ ಅದು ಚಲನಶಕ್ತಿಯಾಗುತ್ತದೆ. ಬಾಗಿಲನ್ನು ಮುಚ್ಚುವ ಶಕ್ತಿ ಇಲಿಯದಲ್ಲ. ಅದು ಹಿಂದಿನ ಸಂಜೆ ನಮ್ಮ ಕೈ ಸ್ಪ್ರಿಂಗಿಗೆ ಕೊಟ್ಟು ಕೂಡಿಟ್ಟದ್ದು. ಇಲಿಯು ಬೀಗವನ್ನು ತೆಗೆಯುತ್ತದೆ, ಅಷ್ಟೆ.

ಮರದ ಹಲಗೆಯ ಮೇಲೆ ಸ್ಪ್ರಿಂಗಿನ ಕಂಬಿಯು ಬಡಿದು ಇಲಿಯನ್ನು ಕೊಲ್ಲುವ ಇನ್ನೊಂದು ಬಗೆಯ ಸಾಧನವುಂಟು. ಅಮೆರಿಕದ ಇಲಿನಾಯ್ ಸಂಸ್ಥಾನದ ವಿಲಿಯಂ ಹೂಕರ್ ಎಂಬವರು 1894ರಲ್ಲಿ ಅಂತಹ ಸಾಧನಕ್ಕೆ ಪೇಟೆಂಟ್ ಪಡೆದರು. ಕಿಟ್ಟೆಲ್ ಅವರ ಕನ್ನಡ-ಇಂಗ್ಲಿಷ್ ನಿಘಂಟು ಮಂಗಳೂರಿನಲ್ಲಿ ಅಚ್ಚಾದದ್ದೂ ಅದೇ 1894ರಲ್ಲಿ; ಇಸವಿಯನ್ನು ನೆನಪಿಡಲು ಇದೊಂದು ಸುಲಭೋಪಾಯ. ಇಂಗ್ಲೆಂಡಿನ ಲೀಡ್ಸ್ ನಗರದ ಜೇಮ್ಸ್ ಹೆನ್ರಿ ಅಟ್ಕಿನ್ಸನ್ ಅವರ 'ಲಿಟ್ಲ್ ನಿಪ್ಪರ್' ಎಂಬ ಸಾಧನವೂ ಆ ದಶಕದ್ದೇ. ಗೂಡಿಲ್ಲದ ಈ ಹಲಗೆಯನ್ನು ಬೋನು ಎನ್ನುವುದು ಪದದ ಅರ್ಥವನ್ನು ಸ್ವಲ್ಪ ಹಿಗ್ಗಿಸಿದಂತೆಯೇ ಸರಿ. ಇತ್ತೀಚೆಗೆ ಬಂದಿರುವ ಅಂಟುಹಲಗೆಯಂತೂ ಬೋನೂ ಅಲ್ಲ, ದಯೆಯೂ ಅಲ್ಲ. ಅಂಟಿಕೊಂಡ ಪ್ರಾಣಿ ಗಂಟೆಗಟ್ಟಲೆ ನರಳಿ ಸಾಯುವುದರಿಂದ ಅನೇಕರು ಅದನ್ನು ವಿರೋಧಿಸುತ್ತಾರೆ.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಮೀನಿಗೆ ಬಲೆಯುಂಟು, ಹಕ್ಕಿಗೆ ಬಲೆಯುಂಟು, ಜಿಂಕೆಗೆ ಬಲೆಯುಂಟು. ಇಲಿಗೆ ಏಕೆ ಬಲೆಯಿಲ್ಲ? ಉತ್ತರ ಅದರ ಬಾಯಲ್ಲಿದೆ. ಇಲಿಯ ಬಾಚಿಹಲ್ಲುಗಳು ಬಾಳಿನುದ್ದಕ್ಕೂ ಬೆಳೆಯುತ್ತಲೇ ಇರುತ್ತವೆ. ಅವುಗಳನ್ನು ಸವೆಸಲು ಅದು ಏನನ್ನಾದರೂ ಕಡಿಯುತ್ತಲೇ ಇರಬೇಕು. ಪಂಚತಂತ್ರದಲ್ಲಿ ಬೇಡನ ಬಲೆಗೆ ಸಿಕ್ಕ ಪಾರಿವಾಳಗಳನ್ನು ಬಿಡಿಸುವುದು ಇಲಿಯೇ ಅಲ್ಲವೇ? ಬಲೆಯನ್ನು ಕಡಿಯಬಲ್ಲ ಪ್ರಾಣಿಗೆ ಬಲೆ ಬೀಸಿ ಫಲವೇನು? ಆದುದರಿಂದ ಅದಕ್ಕೆ ತಂತಿಯ, ತಗಡಿನ, ದಪ್ಪ ಮರದ ಬೋನು ಬೇಕಾಯಿತು. ವಸ್ತುವಿನ ಸ್ವಭಾವವು ಪದದ ಆಯ್ಕೆಯನ್ನು ಹೀಗೆ ನಿಯಮಿಸುತ್ತದೆ.

ಇಲಿ ಬಿತ್ತು

'ಬೋನಿಗೆ ಇಲಿ ಬಿತ್ತು' ಎಂದರೆ ಮನೆಯಲ್ಲಿ ಎಲ್ಲರಿಗೂ ಸಮಾಧಾನ. ಆದರೆ 'ಇಲಿ ಬಿತ್ತು' ಎಂಬ ಎರಡೇ ಮಾತನ್ನು ಕೇಳಿ ಊರಿಗೆ ಊರೇ ಬೆಚ್ಚಿಬೀಳುತ್ತಿದ್ದ ಕಾಲವೊಂದಿತ್ತು. ಪ್ಲೇಗು ಬರುವ ಮುನ್ನ ಇಲಿಗಳು ಮನೆಯ ಮಾಡಿನಿಂದ ಸತ್ತು ಬೀಳುತ್ತಿದ್ದವು. ಹಾಗೆ ಇಲಿ ಬಿದ್ದ ಮನೆಯನ್ನು ಬಿಟ್ಟು, ಊರ ಹೊರಗೆ ಗುಡಿಸಲು ಹಾಕಿಕೊಂಡು ಜನ ಜೀವ ಉಳಿಸಿಕೊಳ್ಳುತ್ತಿದ್ದರು.

ನಮ್ಮ ಮುಂಬಯಿಯ ಮಾಂಡವಿ ಭಾಗದಲ್ಲಿ ಡಾಕ್ಟರ್ ಅಕಾಸಿಯೋ ವಿಯೇಗಾಸ್ ಅವರು ಪ್ಲೇಗನ್ನು ಗುರುತಿಸಿದ್ದು 1896ರ ಸೆಪ್ಟೆಂಬರ್ ತಿಂಗಳಿನಲ್ಲಿ. 1898ರಲ್ಲಿ ಆ ಮಾರಿ ಬೆಂಗಳೂರನ್ನು ಹೊಕ್ಕಿತು. ಇಕ್ಕಟ್ಟಾದ ಪೇಟೆಯಿಂದ ಜನರನ್ನು ಹೊರತರಲೆಂದು ಬಸವನಗುಡಿ, ಮಲ್ಲೇಶ್ವರಗಳೆಂಬ ಹೊಸ ಬಡಾವಣೆಗಳು ಹುಟ್ಟಿದವು. ಅದೇ 1898ರಲ್ಲಿ ಕರಾಚಿಯಲ್ಲಿ ಪಾಲ್ ಲೂಯಿ ಸಿಮೋಂ ಎಂಬ ಫ್ರೆಂಚ್ ವೈದ್ಯರು, ರೋಗವು ಇಲಿಯ ಮೈಮೇಲಿನ ಚಿಗಟದಿಂದ ಹರಡುತ್ತದೆಂಬುದನ್ನು ಪ್ರಯೋಗದಿಂದ ತೋರಿಸಿದರು. ಅಲ್ಲಿಂದ ಮುಂದೆ ಇಲಿಬೋನು ಕೇವಲ ಅಡಿಗೆಮನೆಯ ಸಾಮಾನಾಗಿ ಉಳಿಯಲಿಲ್ಲ. ಅದು ಆರೋಗ್ಯಶಾಸ್ತ್ರದ ಉಪಕರಣವಾಯಿತು. ಮುಂಬಯಿಯ ಗಲ್ಲಿಗಳಲ್ಲಿ ಹಿಡಿದ ಇಲಿಗಳನ್ನು ಪರೇಲಿನ ಪ್ರಯೋಗಾಲಯಕ್ಕೆ ಒಯ್ದು ಪರೀಕ್ಷಿಸುತ್ತಿದ್ದರು. ಆ ಪ್ರಯೋಗಾಲಯವೇ 1925ರಿಂದ ಹಾಫ್‌ಕಿನ್ ಸಂಸ್ಥೆಯೆಂದು ಹೆಸರಾಗಿದೆ.

ಪ್ಲೇಗಿನ ಭಯ ಇಂದು ಹಿಂದಿನಂತಿಲ್ಲ. ಆದರೆ ಇಲಿಜ್ವರದ ಭಯವಿದೆ. ಇಲಿಯ ಮೂತ್ರ ಬೆರೆತ ಮಳೆನೀರಿನಲ್ಲಿ, ಕಾಲಿಗೆ ಗಾಯವಿದ್ದಾಗ ನಡೆದರೆ, ಆ ರೋಗ ತಗಲಬಹುದು. ಮುಂಬಯಿಯ ಮಳೆಗಾಲವನ್ನು ಬಲ್ಲ ನಿಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಂತಹ ನೀರಿನಲ್ಲಿ ನಡೆದವರಿಗೆ ಜ್ವರ ಬಂದರೆ ತಡಮಾಡದೆ ವೈದ್ಯರಿಗೆ ತಿಳಿಸಬೇಕು. ಬೋನನ್ನು ಇಡುವವರು ಕೆಲವು ನಿಯಮಗಳನ್ನೂ ಪಾಲಿಸಬೇಕು. ಇಲಿಯು ಗೋಡೆಯ ಬದಿಯಿಂದಲೇ ಓಡಾಡುವುದರಿಂದ ಬೋನನ್ನು ಗೋಡೆಯ ಅಂಚಿಗೆ ಇಡಬೇಕು. ದೊಡ್ಡ ಇಲಿಗಳು ಹೊಸ ವಸ್ತುವಿಗೆ ಅಂಜುವುದರಿಂದ, ಎರಡು ಮೂರು ದಿನ ಬಾಗಿಲು ಮುಚ್ಚದಂತೆ ಕಟ್ಟಿ ತಿನಿಸನ್ನು ಮಾತ್ರ ಇರಿಸಿ, ಅನಂತರ ಕೊಕ್ಕೆಯನ್ನು ಹೂಡಬೇಕು. ಸಿಕ್ಕ ಇಲಿಯನ್ನು ಬರಿಗೈಯಿಂದ ಮುಟ್ಟಬಾರದು. ಬೋನನ್ನು ಬಿಸಿನೀರಿನಿಂದ ತೊಳೆದು, ಕೈಯನ್ನು ಸಾಬೂನಿನಿಂದ ತೊಳೆಯಬೇಕು. ಈ ಕೆಲಸವನ್ನು ಹಿರಿಯರೇ ಮಾಡತಕ್ಕದ್ದು.

ಬಳಕೆಯ ಕ್ರಮ

ಇನ್ನು ವಾಕ್ಯದಲ್ಲಿ ಈ ಪದದ ಬಳಕೆ. ಪ್ರತಿಯೊಂದು ಸಾಧನಕ್ಕೂ ಕನ್ನಡದಲ್ಲಿ ಅದರದೇ ಕ್ರಿಯಾಪದವಿದೆ. ಬಲೆ ಬೀಸುತ್ತೇವೆ, ಉರುಲು ಒಡ್ಡುತ್ತೇವೆ, ಗಾಳ ಹಾಕುತ್ತೇವೆ, ಬೋನು ಇಡುತ್ತೇವೆ. 'ಬೋನು ಬೀಸಿದರು' ಎಂದು ಬರೆದರೆ ಓದುವವರು ನಗುತ್ತಾರೆ.

ಪತ್ರಿಕೆಗಳನ್ನು ಗಮನಿಸಿ ಓದಿದರೆ ಈ ವಿವೇಕ ಸುಲಭವಾಗಿ ಬರುತ್ತದೆ. ತೋಟಕ್ಕೆ ಬಂದ ಚಿರತೆ 'ಅರಣ್ಯ ಇಲಾಖೆಯವರು ಇರಿಸಿದ ಬೋನಿಗೆ' ಬೀಳುತ್ತದೆ. ಲಂಚ ತೆಗೆದುಕೊಂಡ ಅಧಿಕಾರಿ 'ಲೋಕಾಯುಕ್ತರ ಬಲೆಗೆ' ಬೀಳುತ್ತಾನೆ. ಇಂಗ್ಲಿಷಿನಲ್ಲಿ ಎರಡಕ್ಕೂ 'ಟ್ರ್ಯಾಪ್' ಎಂಬ ಒಂದೇ ಪದ ಸಾಕು. ಆ ಪದವನ್ನು ಎದುರಿಗಿಟ್ಟುಕೊಂಡು ತರ್ಜುಮೆ ಮಾಡಹೊರಟರೆ ನಾವು 'ಸಾಲದ ಬೋನು' ಎಂದು ಬರೆದುಬಿಡುತ್ತೇವೆ. ಕನ್ನಡದ ರೈತನಿಗೆ ಅದು ಬೋನಾಗಿ ಕಾಣಲಿಲ್ಲ, ಸುಳಿಯಾಗಿ ಕಂಡಿತು. ಆದುದರಿಂದ 'ಸಾಲದ ಸುಳಿ' ಎಂದನು. ಒಬ್ಬನನ್ನು ಉಪಾಯದಿಂದ ಸಿಕ್ಕಿಸುವುದಕ್ಕೆ 'ಖೆಡ್ಡಾಕ್ಕೆ ಕೆಡವುವುದು' ಎನ್ನುತ್ತಾರೆ. ಮೈಸೂರು ಸೀಮೆಯ ಕಾಕನಕೋಟೆಯಲ್ಲಿ ಆನೆಗಳನ್ನು ಹಿಡಿಯುತ್ತಿದ್ದ ಖೆಡ್ಡಾ 1971ರಲ್ಲಿ ಕೊನೆಗೊಂಡಿತು. ಆದರೆ ಮಾತು ಉಳಿದಿದೆ. ವಸ್ತು ಹೋದರೂ ಪದ ಉಳಿಯಬಲ್ಲದೆಂಬುದಕ್ಕೆ ಅದು ಸಾಕ್ಷಿ. ಇಲಿಬೋನಿನ ಗತಿ ಇದಕ್ಕೆ ವಿರುದ್ಧವಾಗುವ ಅಪಾಯವಿದೆ: ವಸ್ತು ಮನೆಯಲ್ಲಿಯೇ ಇದೆ, ಪದ ಹೊರಟುಹೋಗುತ್ತಿದೆ.

ಇಲಿಯ ಗಾದೆಗಳನ್ನೂ ಮರೆಯಬಾರದು. ಅತಿ ಶ್ರಮಕ್ಕೆ ಅಲ್ಪ ಫಲ ಬಂದರೆ 'ಬೆಟ್ಟ ಅಗೆದು ಇಲಿ ಹಿಡಿದಂತೆ' ಎನ್ನುತ್ತೇವೆ. ಬಲ್ಲಿದರ ವಿನೋದವು ಬಡವರಿಗೆ ಪ್ರಾಣಾಪಾಯವಾದರೆ 'ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ' ಎನ್ನುತ್ತೇವೆ. ದಿಕ್ಕುತೋಚದೆ ಅತ್ತಿತ್ತ ಸುತ್ತುವವನನ್ನು 'ಬೋನಿಗೆ ಬಿದ್ದ ಇಲಿಯಂತೆ' ಎಂದು ಹೋಲಿಸುತ್ತೇವೆ.

ಈ ಕೊನೆಯ ಹೋಲಿಕೆಯನ್ನು ಸ್ವಲ್ಪ ಮನಸ್ಸಿನಲ್ಲಿಟ್ಟುಕೊಳ್ಳಿರಿ. ಬೋನಿಗೆ ಮೂರು ಲಕ್ಷಣಗಳುಂಟು: ಒಳಗೆ ಒಂದು ಆಮಿಷ, ತೆರೆದಂತೆ ಕಾಣುವ ಒಂದು ಬಾಗಿಲು, ಮತ್ತು ಹೊರಗೆ ಕಾಣದಂತೆ ನಿಂತ ಒಬ್ಬ ಯಜಮಾನ. 'ನಿಮಗೆ ಬಹುಮಾನ ಬಂದಿದೆ, ಗುಪ್ತಸಂಖ್ಯೆಯನ್ನು ತಿಳಿಸಿರಿ' ಎಂಬ ಸಂದೇಶ ಮನೆಯ ಮೊಬೈಲಿಗೆ ಬಂದಾಗ, ಈ ಮೂರು ಲಕ್ಷಣಗಳೂ ಅಲ್ಲಿವೆಯೇ ಎಂದು ನೋಡಿರಿ. ಇಲಿಗೆ ಬೋನು ಎಂಬ ಪದ ಗೊತ್ತಿಲ್ಲ. ಆದುದರಿಂದ ಅದು ಒಂದರ ಹಿಂದೊಂದು ಬಂದು ಬೀಳುತ್ತದೆ. ನಮಗೆ ಪದ ಗೊತ್ತಿದೆ. ಒಂದು ವಸ್ತುವಿಗೆ ಸರಿಯಾದ ಹೆಸರನ್ನು ಕೊಡಬಲ್ಲವನು ಅದನ್ನು ದೂರದಿಂದಲೇ ಗುರುತಿಸಬಲ್ಲನು.

ಅಭ್ಯಾಸ

1. 'ಬೋನು', 'ಬೋನ' ಎಂಬ ಪದಗಳನ್ನು ಚತುರ್ಥೀ ಮತ್ತು ಸಪ್ತಮೀ ವಿಭಕ್ತಿಗಳಲ್ಲಿ ಬಳಸಿ ನಾಲ್ಕು ವಾಕ್ಯಗಳನ್ನು ರಚಿಸಿರಿ.

2. ಬಲೆ, ಉರುಲು, ಗಾಳ, ಬೋನು: ಇವು ಯಾವ ಯಾವ ಪ್ರಾಣಿಗಳಿಗೆ? ಏಕೆ?

3. 'ಬೋನಿಗೆ ಇಲಿ ಬಿತ್ತು', 'ಮನೆಯಲ್ಲಿ ಇಲಿ ಬಿತ್ತು': ಈ ವಾಕ್ಯಗಳ ಅರ್ಥಭೇದವನ್ನು ವಿವರಿಸಿರಿ.

4. ನಿಮ್ಮ ಚಾಳಿನಲ್ಲಿ ಅಥವಾ ಕಟ್ಟಡದಲ್ಲಿ ಬೇರೆ ಬೇರೆ ಭಾಷೆಗಳನ್ನಾಡುವ ನಾಲ್ಕು ಮನೆಗಳಿಗೆ ಹೋಗಿ, ಇಲಿಬೋನಿಗೆ ಅವರಲ್ಲಿ ಏನೆನ್ನುತ್ತಾರೆಂಬುದನ್ನು ಕೇಳಿ ಬರೆದುಕೊಳ್ಳಿರಿ. ಬಳಿಕ ನಿಮ್ಮ ಅಜ್ಜಿಯನ್ನೋ ತಾಯಿಯನ್ನೋ ಕೇಳಿರಿ. ಅವರ ಊರಿನಲ್ಲಿ ಇದಕ್ಕೆ ಬೇರೆ ಹೆಸರಿದ್ದರೆ ಅದನ್ನೂ ಬರೆದು ತರಗತಿಗೆ ತನ್ನಿರಿ. ಅದು ಯಾವ ಪುಸ್ತಕದಲ್ಲಿಯೂ ಸಿಕ್ಕದ ಪದವಾಗಿದ್ದರೆ, ಅದನ್ನು ಉಳಿಸಿದ ಕೀರ್ತಿ ನಿಮ್ಮದು.